ಪಟ್ಟಿಯಲ್ಲಿ ಇಬ್ಬರು ಭರಮಪ್ಪರು

ಒಂದೇ ತೆರನಾದ ಎರಡನ್ನು ಕಂಡರೆ ಒಂದನ್ನು ತೆಗೆದುಹಾಕಬೇಕೆನ್ನಿಸುವುದು ನನ್ನ ಹಳೆಯ ಚಾಳಿ. ಮನೆಯಲ್ಲಿ ಎರಡು ಇಕ್ಕಳ ಇದ್ದರೆ ಒಂದನ್ನು ಅಟ್ಟಕ್ಕೆ ಸೇರಿಸುತ್ತೇನೆ. ಉಳಿದದ್ದು ಮರುದಿನ ಕಳೆದುಹೋಗುತ್ತದೆ. ಈ ಚಾಳಿಗೆ ಧಾರವಾಡದಲ್ಲಿ ಕಲಿತ ಸಂಖ್ಯಾಶಾಸ್ತ್ರವೂ ಕೂಡಿಕೊಂಡು, ತೊಂಬತ್ತರ ದಶಕದಲ್ಲಿ ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಹೊಸ ಕಂಪ್ಯೂಟರಿನ ಮುಂದೆ ನನಗೆ ಕುರ್ಚಿ ಸಿಕ್ಕಿತು.

ಯಾರ ಕಬ್ಬನ್ನು ಯಾವಾಗ ಕಡಿಯಬೇಕೆಂಬ ಪಾಳಿಯ ಪಟ್ಟಿ ನನ್ನದು. ಒಬ್ಬನೇ ರೈತ ಎರಡು ಸಲ ನುಸುಳಿದ್ದರೆ ಹಿಡಿದು ಅಳಿಸಬೇಕು. ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸಿದರೆ ಕಳ್ಳಜೋಡಿಗಳು ತಾವೇ ಅಕ್ಕಪಕ್ಕ ಬಂದು ಕೂರುತ್ತಿದ್ದವು. ಏಕಸಂಬಿಯ 'ಭರಮಪ್ಪ ಅ. ಪಾಟೀಲ' ಹಾಗೇ ಎರಡು ಸಾಲುಗಳಲ್ಲಿ ಕೂತಿದ್ದ. ಅದೇ ಊರು, ಅದೇ ಸರ್ವೆ ನಂಬರು. ಒಂದನ್ನು ಅಳಿಸಿ ಚಹಾಕ್ಕೆ ಹೋದೆ. ಆ ದಿನದ ದಿನಚರಿಯಲ್ಲಿ ಚಹಾದ ಮಾತಿದೆ, ಅಳಿಸಿದ ಮಾತಿಲ್ಲ. ಪಕ್ಕದ ಕುರ್ಚಿಯ ಸಹೋದ್ಯೋಗಿಯೇ ಅಳಿಸಿದನೆಂದು ಬಹಳ ದಿನ ನಂಬಿಕೊಂಡೂ ಇದ್ದೆ. ನೆನಪಿಗೆ ಇಂಥ ಉಪಕಾರಗಳು ಗೊತ್ತು.

ಕಬ್ಬು ಕಡಿಯುವ ಕಾಲಕ್ಕೆ ಇಬ್ಬರು ಬಂದು ನಿಂತರು. ಕಿರಿಯವನ ಕಬ್ಬು ಹೂಬಿಟ್ಟು ಒಳಗೊಳಗೇ ಬೆಂಡಾಗುತ್ತಿತ್ತು, ಕಡಿಯುವ ಪಾಳಿ ತಿಳಿಸುವ ಕಾರ್ಖಾನೆಯ ಚೀಟಿ ಬಂದಿರಲಿಲ್ಲ. ಮನೆಗೆ ಬಂದ ಒಂದೇ ಚೀಟಿಯನ್ನು ಹಿರಿಯವನು ತನ್ನದೆಂದುಕೊಂಡಿದ್ದ. ಹೆಸರು ಕೇಳಿದರೆ ಇಬ್ಬರೂ ಭರಮಪ್ಪ. ಒಬ್ಬ ಅಣ್ಣಪ್ಪನ ಮಗ, ಇನ್ನೊಬ್ಬ ಅಪ್ಪಾಸಾಹೇಬನ ಮಗ. ಅಣ್ಣಪ್ಪ, ಅಪ್ಪಾಸಾಹೇಬ ಒಡಹುಟ್ಟಿದವರು; ಇಬ್ಬರೂ ತಮ್ಮ ತಮ್ಮ ಚೊಚ್ಚಲ ಮಗನಿಗೆ ತಮ್ಮ ತಂದೆಯ ಹೆಸರನ್ನೇ ಇಟ್ಟಿದ್ದರು. ಇಡದಿದ್ದರೆ ಮುದುಕ ಸುಮ್ಮನಿರುತ್ತಿದ್ದನೇ? ಹೊಲವಿನ್ನೂ ಪಾಲಾಗಿರಲಿಲ್ಲ, ಸರ್ವೆ ನಂಬರೂ ಒಂದೇ. ಪಟ್ಟಿಯಲ್ಲಿ ತಂದೆಯ ಹೆಸರಿಗೆ ಒಂದೇ ಅಕ್ಷರದ ಜಾಗ ಕೊಟ್ಟವನು ನಾನು.

ಗಾಬರಿಯಲ್ಲಿ, ಇಬ್ಬರಲ್ಲಿ ಅಸಲಿ ಯಾರೆಂದು ಕೇಳಿಬಿಟ್ಟೆ.

ಕಿರಿಯವನು ನಗಲಿಲ್ಲ. "ಹಂಗ ನೋಡಿದ್ರ ನಾವಿಬ್ರೂ ನಕಲ್ ಅದೀವ್ರಿ ಸಾಹೇಬ್ರ. ಅಸಲಿ ನಮ್ಮ ಅಜ್ಜ. ಅಂವ ಹೋಗಿ ಭಾಳ ವರ್ಷ ಆತು."

ಹೊಸ ಚೀಟಿ ಬರೆಯಬೇಕೆಂದರೆ ಪಾಳಿ ಪಟ್ಟಿಯ ತುದಿಗೆ ಬೀಳುತ್ತದೆ, ಅಷ್ಟರಲ್ಲಿ ಕಬ್ಬು ಸೌದೆಯಾಗಿರುತ್ತದೆ ಎಂದು ನಾನು ತಡವರಿಸುತ್ತಿದ್ದಾಗ ಹಿರಿಯವನು ಕಿಸೆಯಿಂದ ತನ್ನ ಚೀಟಿ ತೆಗೆದು ಮೇಜಿನ ಮೇಲಿಟ್ಟ.

"ಇವಂದ ಮೊದಲ ಕಡೀರಿ. ನಂದಿನ್ನೂ ಎಳೀದೈತಿ. ಹೆಸರ ಅದ ಐತಿ, ತಿದ್ದೂದು ಸೈತ ಬ್ಯಾಡ."

ಮರುದಿನವೇ ಕಡಿಯುವವರು ಹೋದರು. ಅಳಿಸಿದ ಸಾಲನ್ನು ನಾನು ಮತ್ತೆ ಸೇರಿಸಿದೆ. ಇನ್ನು ಇಂಥ ತಪ್ಪಾಗಬಾರದೆಂದು ಹೊಸ ಕಾಲಮ್ಮೊಂದನ್ನೂ ಮಾಡಿದೆ: ಮನೆಯಲ್ಲಿ ಕರೆಯುವ ಹೆಸರು. ಎರಡು ಊರು ಮುಗಿಯುವಷ್ಟರಲ್ಲಿ ಆ ಕಾಲಮ್ಮಿನ ತುಂಬ, ಮೇಲಿಂದ ಕೆಳಗೆ, ಆ ಕಡೆ ಮನೆಯ ಹುಡುಗರನ್ನೆಲ್ಲ ಕರೆಯುವ ಒಂದೇ ಹೆಸರು: ತಮ್ಮಾ, ತಮ್ಮಾ, ತಮ್ಮಾ. ಅಷ್ಟು ತಮ್ಮಂದಿರಲ್ಲಿ ಒಬ್ಬನನ್ನೂ ಅಳಿಸಲು ನನ್ನ ಬೆರಳು ಏಳಲಿಲ್ಲ.