ಗದ್ದೆಗೆ ಕಟ್ಟಿದ ಕ್ಯಾಸೆಟ್ಟು

ಇವತ್ತು ಹುದಿಕೇರಿಯ ದಾರಿಯಲ್ಲಿ, ಹಕ್ಕಿ ಬೆದರಿಸಲು ಗದ್ದೆಗೆ ಕಟ್ಟಿದ್ದ ಮಿಂಚುಪಟ್ಟಿಯೊಂದು ಗಾಳಿಗೆ ಗುಂಯ್ ಎನ್ನುತ್ತಿತ್ತು. ಬೈಕು ನಿಲ್ಲಿಸಿದೆ.

ನನ್ನ ಚಿಕ್ಕಂದಿನಲ್ಲಿ ಅಮ್ಮ ಮತ್ತು ಚಿಕ್ಕಮ್ಮ ಜೋಡಿಯಾಗಿ ಹಾಡುತ್ತಿದ್ದರು. ಚಿಕ್ಕಮ್ಮನೇ ಹಾಡು ಬರೆದು, ಗಿಟಾರ್ ನುಡಿಸಿ, ಯಾವ ಕಂಪನಿಯ ಹಂಗೂ ಇಲ್ಲದೆ ತಂದ ಮೊದಲ ಕ್ಯಾಸೆಟ್ಟು ವಿರಾಜಪೇಟೆಯ ಕ್ಯಾಸೆಟ್ ಅಂಗಡಿಯವರು ವಾರವಾರ ಸ್ಲೇಟಿನಲ್ಲಿ ಬರೆಯುತ್ತಿದ್ದ ಟಾಪ್ ಹತ್ತರಲ್ಲಿ ಮೂರನೆಯ ಸ್ಥಾನಕ್ಕೇರಿತ್ತು. ಆ ಹುಮ್ಮಸ್ಸಿನಲ್ಲಿ ಎರಡನೆಯದನ್ನು ಮಳೆಗಾಲದ ಮೊದಲಲ್ಲೇ ಬಿಡುಗಡೆ ಮಾಡಿದರು. ಗಾಳಿಮಳೆಗೆ ಹೋದ ಕರೆಂಟು ವಾರಗಟ್ಟಲೆ ಬರಲಿಲ್ಲ. ಯಾರ ಮನೆಯಲ್ಲೂ ಟೇಪ್‌ರೆಕಾರ್ಡರ್ ತಿರುಗಲಿಲ್ಲ. ಸ್ಲೇಟಿನಲ್ಲಿ ಅವರ ಹೆಸರು ಬರಲೇ ಇಲ್ಲ.

ತೆನೆ ಬಲಿಯುವ ಹೊತ್ತಿಗೆ ಅಂಗಡಿಯಿಂದ ಪೆಟ್ಟಿಗೆ ಹಾಗೇ ವಾಪಸು ಬಂತು. ಚಿಕ್ಕಮ್ಮ ಒಂದೊಂದೇ ಕ್ಯಾಸೆಟ್ಟಿನ ಟೇಪು ಎಳೆದು, ಹಗ್ಗದ ಹಾಗೆ ಮೊಣಕೈಗೆ ಸುತ್ತಿ, ಗದ್ದೆಯ ಗೂಟಗಳಿಗೆ ಕಟ್ಟತೊಡಗಿದಳು.

"ಒಂದಾದ್ರೂ ಇಟ್ಕೊ ಮಾರಾಯ್ತಿ," ಎಂದಳು ಅಮ್ಮ.

"ಎಂತಕೆ ಅಕ್ಕಾ? ಗಿಳಿಗಳಾದ್ರೂ ಕೇಳಿ ಓಡ್ಲಿ."

ಮನೆಯಲ್ಲಿದ್ದ ಮೊದಲನೆಯ ಕ್ಯಾಸೆಟ್ಟನ್ನೂ ಅವಳು ಉಳಿಸಲಿಲ್ಲ. ಅಮ್ಮ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಎಂದೂ ಹಾಡಲಿಲ್ಲ.

ಈಗ ಇಬ್ಬರೂ ಇಲ್ಲ. ಬೈಕಿನ ಮೇಲೆ ಕೂತು ಅವರ ಒಂದು ಸಾಲನ್ನಾದರೂ ಗುನುಗಲು ನೋಡಿದೆ. ಬಾಯಿಗೆ ಬಂದದ್ದು ಆ ಗುಂಯ್ ಒಂದೇ.