ನೆಂಟರಿಗೆ ಬಡಿಸದ ಪಲ್ಯ

ಪುಂಡಿ ಪಲ್ಯವನ್ನು ನೆಂಟರಿಗೆ ಬಡಿಸುವ ರೂಢಿ ನಮ್ಮ ಮಾನ್ವಿ ಕಡೆ ಇಲ್ಲ. ಹುಳಿಸೊಪ್ಪನ್ನು ಜೋಳದ ನುಚ್ಚಿನೊಂದಿಗೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಈ ಪದಾರ್ಥದ ರೂಪಲಾವಣ್ಯ ವರ್ಣನಾತೀತ, ಅಂದರೆ ವರ್ಣಿಸಿದರೆ ಕೇಳಿದವರ ಹಸಿವೇ ಇಂಗಿಹೋದೀತು. ಆದರೆ ರುಚಿಯೆಂದರೆ ಮಾಡಿದ ದಿನಕ್ಕಿಂತ ಮರುದಿನ ಮಿಗಿಲು. ಬಾಗಿಲಲ್ಲಿ ಗುರುತಿಲ್ಲದ ಚಪ್ಪಲಿ ಕಂಡಿತೋ, ಪಲ್ಯದ ಗಡಿಗೆ ಮೂಲೆ ಸೇರುತ್ತದೆ, ಹಿತ್ತಲಲ್ಲಿ ಒಂದು ಕೋಳಿಯ ಆಯುಷ್ಯ ಮುಗಿಯುತ್ತದೆ.

ನಾನು ಕ್ರೈಸ್ತ ಸನ್ಯಾಸಿನಿ, ಕೆಲಸದಿಂದ ನರ್ಸು. ಈ ಸಲ ಕ್ರಿಸ್ಮಸ್ ರಜೆಗೆ ಮನೆಗೆ ಬಂದಾಗ, ಟಾಂಜಾನಿಯಾದ ಹಳ್ಳಿಯೊಂದರ ಚರ್ಚಿನ ದವಾಖಾನೆಗೆ ನನ್ನ ನೇಮಕವಾಗಿತ್ತು. ಹೋದರೆ ಮರಳಲು ಐದು ವರ್ಷ. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳುವುದು, ಸ್ವಾಹಿಲಿ ಭಾಷೆಯ ನಾಲ್ಕು ಮಾತು ಬಾಯಿಪಾಠ ಮಾಡುವುದು, ಪೆಟ್ಟಿಗೆ ಕಟ್ಟುವುದು, ಉಳಿದ ಸಮಯವೆಲ್ಲ ಅವ್ವನ ಒಲೆಯ ಮುಂದೆ ಕೂತು ಪುಂಡಿ ಪಲ್ಯ, ಬಿಸಿ ರೊಟ್ಟಿ ತಿನ್ನುವುದು: ನನ್ನ ಸಿದ್ಧತೆಯ ಭವ್ಯ ಯೋಜನೆ ಇಷ್ಟೇ. ಬಂದ ದಿನವೇ ಅವ್ವ ಪಲ್ಯ ಮಾಡಿದ್ದಳು. ತಾಟಿನ ಮುಂದೆ ಕೂರಬೇಕು, ಅಷ್ಟರಲ್ಲಿ ಕವಿತಾಳದಿಂದ ನಮ್ಮ ಕ್ರೈಸ್ತ ಸಭೆಯ ಹಿರಿಯರು ಊಟಕ್ಕೆ ಕರೆಯಲು ಬಂದರು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ದೇವರ ಕೆಲಸಕ್ಕೆಂದು ಪರದೇಶಕ್ಕೆ ಹೊರಟವರು ಸಭೆಯ ಪ್ರತಿ ಮನೆಯಲ್ಲೂ ಉಂಡು, ಪ್ರಾರ್ಥನೆ ಮಾಡಿ ಹೋಗಬೇಕು. ಒಲ್ಲೆ ಎಂದಿರೋ, "ನಮ್ಮ ಮನಿ ಗಂಜಿ ನಿಮಗ ಬ್ಯಾಡಾತೇನ್ರಿ?" ಎಂಬ ಬಾಣ ಸಿದ್ಧ. ಹೀಗಾಗಿ ತಮ್ಮ ಶಾಂತಪ್ಪನ ಬೈಕಿನ ಹಿಂದೆ ಕೂತು ನನ್ನ ದಿಗ್ವಿಜಯ ಆರಂಭವಾಯಿತು. ದೇವದುರ್ಗದಲ್ಲಂತೂ ಒಂದೇ ದಿನ ಮೂರು ಮನೆ, ಮೂರು ಕೋಳಿ. ಊಟಕ್ಕೆ ಮೊದಲಿನ ಪ್ರಾರ್ಥನೆಯನ್ನು ನಾನು ಜೀವಮಾನದಲ್ಲೇ ಅಷ್ಟು ದೀರ್ಘವಾಗಿ ಮಾಡಿರಲಿಲ್ಲ. ಮಂದಿ ಅದನ್ನು ಭಕ್ತಿ ಎಂದುಕೊಂಡರು. ಅಯ್ಯೋ, ಅದು ಹೊಟ್ಟೆಗೆ ಸ್ವಲ್ಪ ವಿರಾಮ ಕೊಡುವ ಉಪಾಯ!

ಪ್ರತಿದಿನ ಹೊರಡುವಾಗ ಅವ್ವ ಬಾಗಿಲಿಗೆ ಬರುತ್ತಿದ್ದಳು.

"ಉಂಡು ಹೋಗವಾ, ಪಲ್ಯ ಅದ."

"ನಾಳಿ ಉಣ್ತೀನಿ ಬೇ. ನಾಳಿಗಿ ಇನ್ನೂ ರುಚಿ ಆಗ್ತದ" ಎಂದು ನಾನು ನಗುತ್ತ ಬೈಕು ಹತ್ತುತ್ತಿದ್ದೆ. ಆ ಜಾಣತನ ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ರಾಯಚೂರಿನ ಬೀಳ್ಕೊಡುಗೆ ಸಭೆಯಲ್ಲಿ ಶಾಲು ಹೊದಿಸಿದರು, ಮಾತಾಡಿ ಎಂದರು. ಶಾಲಿನ ಬಿಸಿಗೋ ಚಪ್ಪಾಳೆಯ ಬಿಸಿಗೋ ನನ್ನ ವಾಕ್ಪ್ರವಾಹ ಕೃಷ್ಣೆಯಂತೆ ಹರಿಯಿತು. "ತಾಯಿಯ ಕೈತುತ್ತನ್ನೂ ತ್ಯಜಿಸಿ ಹೊರಟಿದ್ದೇನೆ" ಎಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ನೋಡಿ, ಆ ಕೈತುತ್ತನ್ನು ತ್ಯಜಿಸಲು ಸಮುದ್ರ ದಾಟಬೇಕಿರಲಿಲ್ಲ. ಮಾನ್ವಿಯಿಂದ ರಾಯಚೂರಿಗೆ ಬಂದಷ್ಟರಲ್ಲೇ ಅದು ಸಾಂಗವಾಗಿ ನೆರವೇರಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಂದು ಸಂಜೆ ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಎದ್ದು ನಿಂತು ಕೈಮುಗಿದಳು.

"ಸಿಸ್ಟರಮ್ಮಾರ, ನಾಳೆ ಮಧ್ಯಾಹ್ನ ನಮ್ಮ ಮನ್ಯಾಗ ಊಟ, ಪ್ರಾರ್ಥನಿ ಇಟ್ಕೊಂಡೀವ್ರಿ. ಪುರಸೊತ್ತು ಮಾಡ್ಕೊಂಡು ಬರ್ರಿ."

ಶಾಂತಪ್ಪ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಅವ್ವ ನಗಲಿಲ್ಲ.

ಮರುದಿನವೇ ನಾನು ಹೊರಡುವ ದಿನ. ಮಧ್ಯಾಹ್ನ ಅವ್ವ ಹೊಸ ಚಾಪೆ ಹಾಸಿದಳು, ಕೈ ತೊಳೆಯಲು ತಂಬಿಗೆಯಲ್ಲಿ ನೀರು ಕೊಟ್ಟಳು, ಹಬ್ಬಕ್ಕಷ್ಟೇ ಇಳಿಸುವ ತಾಟಿನಲ್ಲಿ ಬಡಿಸಿದಳು. ಕೋಳಿ ಸಾರು, ಅನ್ನ, ಶಾವಿಗೆ ಪಾಯಸ.

"ಪುಂಡಿ ಪಲ್ಯ ಇಲ್ಲೇನ್ ಬೇ?"

"ಅಯ್ಯ, ಪರದೇಶಕ್ಕ ಹೊಂಟಾಕಿಗಿ ಪುಂಡಿ ಪಲ್ಯ ಹಾಕಿ ಕಳಿಸಿದ್ಲು ಅಂತ ಮಂದಿ ನಗಾಂಗಿಲ್ಲೇನು?" ಎಂದು ಇನ್ನೊಂದು ಸೌಟು ಸಾರು ಸುರಿದಳು. "ಅದು ಮನಿ ಮಂದಿಗಿ."

ಮುನಿಸಿನಿಂದ ಹೇಳಿದ್ದರೆ ಕಾಲು ಹಿಡಿದಾದರೂ ಸಮಾಧಾನ ಮಾಡುತ್ತಿದ್ದೆ. ಅವಳು ಮೆತ್ತಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಉಂಡೆ, ಅನ್ಯರ ಮನೆಗಳಲ್ಲಿ ಉಣ್ಣುವ ಹಾಗೆ, ಒಂದಗುಳೂ ಬಿಡದೆ.

ಊಟವಾದ ಮೇಲೆ ಅವ್ವ ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ ನನ್ನೆದುರು ಕೂತಳು. ಅಷ್ಟೂ ಮನೆಗಳಲ್ಲಿ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು ತಾನಾಗಿ ಬಂತು: "ಕರ್ತನೇ, ಈ ಮನೆಯನ್ನೂ ಈ ಮನೆಯವರನ್ನೂ ಆಶೀರ್ವದಿಸು." ‘ಈ ಮನೆ’ ಎಂದದ್ದು ನನ್ನ ಕಿವಿಗೇ ಬಿದ್ದು ಕಣ್ಣು ತೆರೆದೆ. ಅವ್ವನೇ ಆಮೆನ್ ಎಂದಳು.

ಪುಂಡಿ ಪಲ್ಯವನ್ನು ನೆಂಟರಿಗೆ ಬಡಿಸುವ ರೂಢಿ ಅವ್ವನ ಮನೆಯಲ್ಲೂ ಇಲ್ಲ.