ಹರಿಗೋಲಿನಿಂದ ಬಿದ್ದ ನಾನು, ಎತ್ತಿದ ವಿಮಲಾ

ಇಲ್ಲ... ನಂಬಲು ಆಗುತ್ತಿಲ್ಲ.
ಬೆಳಿಗ್ಗೆ ವಿಮಲಾಳ ಮಗಳು ಫೋನ್ ಮಾಡಿ, "ಆಂಟಿ, ಅಮ್ಮ ಹೋಗ್ಬಿಟ್ರು" ಅಂದಾಗ,
"ಇಷ್ಟು ಬೆಳಿಗ್ಗೇನೇ ಈಜೋದಕ್ಕೆ ಹೋದ್ಲಾ?" ಎಂದು ಕೇಳಿಬಿಟ್ಟೆ...
ಆಮೇಲೆ ಇಬ್ಬರೂ ಅತ್ತೆವು.

ಇಲ್ಲಿರುವ ಬಹಳ ಜನಕ್ಕೆ ವಿಮಲಾ ಗೊತ್ತಿಲ್ಲ. ಹೇಳುತ್ತೇನೆ, ಕೇಳಿ.

ಎಪ್ಪತ್ತರ ದಶಕದ ಕೊನೆ.
ಜಯನಗರದ ಒಂದು ಆಫೀಸಿನಲ್ಲಿ ನಾನು ಟೈಪಿಸ್ಟ್, ಅವಳು ಟೆಲಿಫೋನ್ ಆಪರೇಟರ್.
ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.
ಜರಗನಹಳ್ಳಿಯ ತೋಟದ ಬಾವಿಯಲ್ಲಿ ಅವಳಪ್ಪ ಸೊಂಟಕ್ಕೆ ಹಗ್ಗ ಕಟ್ಟಿ ಈಜು ಕಲಿಸಿದ್ದರು.
ಒಂದು ದಿನ ಊಟದ ಡಬ್ಬಿ ತೆರೆಯುತ್ತಾ ಅಂದಳು...
"ನಾಲ್ಕು ಸಲ ಕೈ ಬೀಸಿದ್ರೆ ಬಾವಿ ಮುಗ್ದೋಗುತ್ತೆ ಕಣೇ. ಗೋಡೇನೇ ಇಲ್ದಿರೋ ನೀರು ಬೇಕು ನಂಗೆ."

ಅಲ್ಲಿಂದ ಪ್ರತಿ ಭಾನುವಾರ ಮೊದಲ ಬಸ್ಸು ಹಿಡಿದು ಗೊಟ್ಟಿಗೆರೆಗೆ.
ಅವಳು ಕೆರೆಯಲ್ಲಿ, ನಾನು ಏರಿಯ ಮೇಲೆ ವಿಷಲ್ ಹಿಡಿದು.
ಒಂದು ಸಲ ಊದಿದರೆ ಎಡಕ್ಕೆ... ಎರಡು ಸಲ ಊದಿದರೆ ಬಲಕ್ಕೆ.

ಎರಡು ವರ್ಷದ ಮೇಲೆ, ದೊಡ್ಡ ಜಲಾಶಯವೊಂದರಲ್ಲಿ ಹತ್ತು ಕಿಲೋಮೀಟರ್ ಸ್ಪರ್ಧೆ.
"ಕಣ್ಣು ಕಾಣದೋರಿಗೆ ರಿಸ್ಕ್ ಮೇಡಂ" ಎಂದರು ಸಂಘಟಕರು.
"ಕೆಸರು ನೀರಲ್ಲಿ ಕಣ್ಣಿರೋರಿಗೆ ಏನ್ ಕಾಣ್ಸುತ್ತೆ ಸಾರ್?" ಎಂದಳು.
ನಕ್ಕು ಒಪ್ಪಿದರು. ಪಕ್ಕದಲ್ಲಿ ದಾರಿ ಹೇಳಲು ಹರಿಗೋಲು ಇರಬಹುದು, ಆದರೆ ಅದನ್ನು ಮುಟ್ಟಿದರೆ ಔಟ್.
ಹರಿಗೋಲಿನಲ್ಲಿ ಅಂಬಿಗ ಮತ್ತು ನಾನು.
ನನಗೆ ಈಜು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ... ನಾನೂ ಹೇಳಲಿಲ್ಲ!

ಅರ್ಧ ದಾರಿ ದಾಟಿದ್ದೇ ತಡ, ಖುಷಿ ತಡೆಯದೆ ಎದ್ದು ನಿಂತೆ...
ಹರಿಗೋಲು ವಾಲಿತು...
ನಾನು ನೀರಿಗೆ!

ವಿಮಲಾ... ನೆನಪಿದೆಯಾ?
ನನ್ನ ಕಿರುಚಾಟ ಕೇಳಿದ ಕಡೆಗೆ ನೇರ ಬಂದೆ ನೀನು.
ಹಿಂದಿನಿಂದ ಜಡೆ ಹಿಡಿದು, "ಒದ್ದಾಡ್ಬೇಡ ಸುಮಿ, ಅಂಗಾತ ಮಲಕ್ಕೋ, ನಾನಿದೀನಿ" ಎಂದೆ.
ನನ್ನನ್ನು ಮೇಲೆ ಹತ್ತಿಸಲು ಹರಿಗೋಲಿನ ಅಂಚು ಹಿಡಿಯಲೇಬೇಕಾಯಿತು.
ಔಟ್.
"ನನ್ನಿಂದ ಎಲ್ಲಾ ಹಾಳಾಯ್ತು, ಹತ್ಕೊಳೇ" ಎಂದು ನಾನು ಅತ್ತೆ.
"ಯಾಕೆ ಹತ್ಲಿ? ನೀರು ಇನ್ನೂ ಇದ್ಯಲ್ಲ. ಊದು ವಿಷಲ್" ಎಂದೆ ನೀನು.
ವಿಷಲ್ ತಳ ಸೇರಿತ್ತು.
ಅಲ್ಲಿಂದ ದಡದವರೆಗೆ ನಾನೂ ಅಂಬಿಗನೂ ಸೇರಿ "ಎಡಕ್ಕೆ! ಬಲಕ್ಕೆ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿಹೋಯಿತು.

ನೀನು ದಡ ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು.
"ಔಟ್ ಆದ್ಮೇಲೂ ಯಾಕೆ ಈಜಿದ್ರಿ ಮೇಡಂ?" ಎಂದರು ಒಬ್ಬರು.
"ಸಖತ್ತಾಗಿತ್ತು ಸಾರ್, ಅದಕ್ಕೆ... ಉಪ್ಪಿಟ್ಟು ಏನಾದ್ರೂ ಉಳ್ದಿದ್ಯಾ?"
ಕೆಲಸ ಬಿಟ್ಟು ಎಲ್ಲರೂ ಚಪ್ಪಾಳೆ ತಟ್ಟಿದ್ದು ಈಗಲೂ ಕಿವಿಯಲ್ಲಿದೆ ಕಣೇ...

ಮರುವರ್ಷ ಅದೇ ನೀರಲ್ಲಿ, ಏನನ್ನೂ ಮುಟ್ಟದೆ ಮುಗಿಸಿದೆ ನೀನು.
ಅದಕ್ಕೂ ಮೊದಲು ಹಟ ಹಿಡಿದು ನನಗೆ ಈಜು ಕಲಿಸಿದೆ... "ಇನ್ನೊಂದ್ಸಲ ನಿನ್ನ ಎಳ್ಯಕ್ಕಾಗಲ್ಲ ಮಾರಾಯ್ತಿ" ಎಂದು!

ಆತ್ಮಕ್ಕೆ ಶಾಂತಿ ಎಂದು ಬರೆಯಲು ಕೂತೆ...
ಸದ್ದಿಲ್ಲದ ಜಾಗದಲ್ಲಿ ಐದು ನಿಮಿಷ ಕೂರುವವಳಲ್ಲ ನೀನು.
ಇರುವಲ್ಲಿ ನೆಮ್ಮದಿ ಇರಲಿ, ವಿಮಲಾ...
ಜೊತೆಗೆ ಒಂದಿಷ್ಟು ಗಲಾಟೆಯೂ ಇರಲಿ. 🙏